ಪಠ್ಯದಲ್ಲಿ ಇಲ್ಲದ ಪ್ರಯಾಣಿಕ

ನಮ್ಮ ಅಕ್ಕನ ಮಗ ಬಸ್ ಓಡಿಸುವ ಹೆವಿ ಲೈಸೆನ್ಸಿಗೆ ಅರ್ಜಿ ಹಾಕಿದ್ದಾನೆ. ಓದಿನಲ್ಲಿ ಹುಡುಗ ಅಷ್ಟಕ್ಕಷ್ಟೇ ಆದರೂ ಪರೀಕ್ಷೆಯೆಂದರೆ ಭಯಭಕ್ತಿ ಉಳ್ಳವನು. ಕಳೆದ ವಾರ ಹೊಸ ನೋಟ್‌ಬುಕ್ಕೊಂದನ್ನು ಹಿಡಿದು ಬಂದವನು, ಮೊದಲ ಪುಟದಲ್ಲಿ ‘ಪ್ರಯಾಣಿಕರ ಸುರಕ್ಷತೆ’ ಎಂದು ಬರೆದು ಅಡಿಗೆರೆ ಎಳೆದು, “ಮಾವ, ಇದ್ರ ಮೇಲೆ ಏನೇನ್ ಕೇಳ್ತಾರೆ? ಯಾವ ಪುಸ್ತಕ ಓದ್ಲಿ?” ಎಂದ. ಪತ್ರಿಕೆಗೆ ಬರೆಯುವವರಿಗೆ ಎಲ್ಲವೂ ತಿಳಿದಿರುತ್ತದೆ ಎಂಬ ಅವನ ನಂಬಿಕೆಯನ್ನು ಕೆಡಿಸಲಾಗದೆ, ಎರಡು ಸಂಜೆ ಕುಳಿತು ಕಾಯ್ದೆಯನ್ನೂ ನಿಯಮಗಳನ್ನೂ ತಿರುವಿ ಹಾಕಿದೆ. ಈಗ ನನಗನ್ನಿಸುವುದೇನೆಂದರೆ, ನೋಟ್‌ಬುಕ್ಕಿನ ದುಡ್ಡು ದಂಡವಾಯಿತು.

ಏಕೆಂದರೆ ನಮ್ಮ ಕಾನೂನು ಬಹಳ ಕರುಣಾಳು. ಲಘು ವಾಹನದ ಲೈಸೆನ್ಸ್ ಸಿಕ್ಕಿ ಕನಿಷ್ಠ 1 ವರ್ಷ ಕಳೆಯದವನಿಗೆ ಬಸ್ಸು, ಲಾರಿಯಂಥ ಸಾರಿಗೆ ವಾಹನಗಳ ಎಲ್‌ಎಲ್‌ಆರ್, ಅಂದರೆ ಕಲಿಕಾ ಲೈಸೆನ್ಸ್, ಕೊಡಬಾರದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆ. ಮೆಚ್ಚತಕ್ಕ ಮಾತು. ಚಾಲ್ತಿಯಲ್ಲಿರುವ ಲೈಸೆನ್ಸ್ ಕೈಯಲ್ಲಿದ್ದವರು ಎಲ್‌ಎಲ್‌ಆರ್‌ಗಾಗಿ ಪ್ರಶ್ನೋತ್ತರದ ಪರೀಕ್ಷೆಗೆ ಕೂರಬೇಕಾಗಿಲ್ಲ ಎನ್ನುತ್ತವೆ 1989ರ ಕೇಂದ್ರ ನಿಯಮಗಳು. ಅದೂ ಒಪ್ಪತಕ್ಕ ಮಾತೇ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ಕಾನೂನು ರೂಪಿಸಿದವರ ಪ್ರತಿಭೆಗೆ ಕೈ ಮುಗಿಯಬೇಕೆನಿಸುತ್ತದೆ: ಲೈಸೆನ್ಸ್ ಇಲ್ಲದವನು ಅರ್ಜಿ ಹಾಕುವಂತಿಲ್ಲ, ಲೈಸೆನ್ಸ್ ಇದ್ದವನಿಗೆ ಪ್ರಶ್ನೆ ಕೇಳಬೇಕಾಗಿಲ್ಲ. ಐವತ್ತು ಜೀವಗಳನ್ನು ಬೆನ್ನ ಹಿಂದೆ ಕೂರಿಸಿಕೊಂಡು ರಾತ್ರಿಯಿಡೀ ಓಡಿಸಲು ಹೊರಟವನು, ಎಂದೋ ಕಾರಿನ ಲೈಸೆನ್ಸಿಗೆಂದು ಕೊಟ್ಟ ನಾಲ್ಕು ಉತ್ತರಗಳ ಬಲದ ಮೇಲೆ ಪಂಡಿತನಾಗಿಬಿಡುತ್ತಾನೆ.

ಆ ನಾಲ್ಕು ಉತ್ತರಗಳಾದರೂ ಯಾವುದರ ಮೇಲೆ? ನಿಯಮ ಹೇಳುವ ವಿಷಯಗಳೂ ನಾಲ್ಕೇ. ಸಂಚಾರ ಚಿಹ್ನೆಗಳು ಮತ್ತು ರಸ್ತೆ ನಿಯಮಗಳು, ಅಪಘಾತವಾದಾಗ ಚಾಲಕನ ಕರ್ತವ್ಯ, ವಾಹನದಲ್ಲಿ ಇರಬೇಕಾದ ದಾಖಲೆಪತ್ರಗಳು, ಮತ್ತು ಕಾವಲುಗಾರನಿಲ್ಲದ ರೈಲ್ವೆ ಗೇಟು ದಾಟುವಾಗ ವಹಿಸಬೇಕಾದ ಎಚ್ಚರ. ಈ ಕೊನೆಯ ವಿಷಯದ ಮೇಲೆ ನನಗೆ ವಿಶೇಷ ಪ್ರೀತಿ ಹುಟ್ಟಿದೆ. ಅಂಥ ಗೇಟಿನ ಬಳಿ ವಾಹನ ನಿಲ್ಲಿಸಬೇಕು, ಕಂಡಕ್ಟರನೋ ಕ್ಲೀನರೋ ಇಳಿದು ಹಳಿಯವರೆಗೆ ನಡೆದುಹೋಗಿ ಎರಡೂ ಕಡೆಯಿಂದ ರೈಲು ಬರುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು, ವಾಹನದಲ್ಲಿ ಬೇರೆ ಯಾರೂ ಇಲ್ಲದಿದ್ದರೆ ಚಾಲಕನೇ ಇಳಿದು ಹೋಗಿ ನೋಡಿ ಬರಬೇಕು ಎಂದು ಕಾಯ್ದೆಯ 131ನೇ ಸೆಕ್ಷನ್ ಅಕ್ಕರೆಯಿಂದ ವಿವರಿಸುತ್ತದೆ. ಕಾಯ್ದೆ ಬರೆದ ಕಾಲಕ್ಕೆ ಅದು ಸಾವು ಬದುಕಿನ ಮಾತಾಗಿತ್ತು, ನಗುವಂಥದ್ದಲ್ಲ. ಆದರೆ ಬ್ರಾಡ್‌ಗೇಜ್ ಮಾರ್ಗಗಳಲ್ಲಿದ್ದ ಅಂಥ ಗೇಟುಗಳನ್ನೆಲ್ಲ ರೈಲ್ವೆಯವರು 2019ರ ಜನವರಿಯ ಹೊತ್ತಿಗೆ ಇಲ್ಲವಾಗಿಸಿದರು. ಗೇಟು ಹೋಗಿದೆ, ಪ್ರಶ್ನೆ ಉಳಿದಿದೆ. ತುರ್ತು ಬಾಗಿಲು ಮಾತ್ರ ಪ್ರತಿ ಬಸ್ಸಿನಲ್ಲೂ ಇರಬೇಕೆಂಬ ನಿಯಮವಿದೆ, ಅದರ ಬಗ್ಗೆ ಪ್ರಶ್ನೆಯಿಲ್ಲ.

ಹೋಗಲಿ, ಬಾಯಿಪಾಠ ಯಾರಿಗೆ ಬೇಕು, ಚಾಲನಾ ಪರೀಕ್ಷೆಯಲ್ಲಿ ನೋಡೋಣ ಎಂದುಕೊಂಡೆ. ಅಲ್ಲಿ ಪಟ್ಟಿ ಉದ್ದವಾಗಿದೆ, 20ಕ್ಕೂ ಹೆಚ್ಚು ಅಂಶಗಳಿವೆ. ಹಿನ್ನೋಟದ ಕನ್ನಡಿ ಮತ್ತೆ ಮತ್ತೆ ಬರುತ್ತದೆ. ಪಾದಚಾರಿಗಳಿಗೆ ದಾರಿ ಬಿಡಬೇಕು, ಸೈಕಲ್ ಸವಾರನ ಮನಸ್ಸಿನಲ್ಲಿರುವುದನ್ನು ಮೊದಲೇ ಊಹಿಸಬೇಕು, ಪೊಲೀಸನ ಕೈಸನ್ನೆಗೆ ತಕ್ಷಣ ಓಗೊಡಬೇಕು, ಸಮಯಪ್ರಜ್ಞೆಯನ್ನು ಕೂಡ ಪ್ರದರ್ಶಿಸಬೇಕು. ಸಮಯಪ್ರಜ್ಞೆಯನ್ನು ಬ್ರೇಕ್ ಇನ್‌ಸ್ಪೆಕ್ಟರ ಎದುರಿಗೆ ಹೇಗೆ ಪ್ರದರ್ಶಿಸುತ್ತಾರೋ ನಾನರಿಯೆ. ರಸ್ತೆಯಲ್ಲಿ ಓಡಾಡುವ ಸಮಸ್ತರಿಗೂ ಜಾಗವಿರುವ ಈ ಪಟ್ಟಿಯಲ್ಲಿ ಬಸ್ಸಿನೊಳಗೆ ಟಿಕೆಟ್ ಕೊಂಡು ಕುಳಿತವನಿಗೆ ಒಂದು ಸಾಲೂ ಮೀಸಲಾಗಿಲ್ಲ. ಪರೀಕ್ಷೆಗೆ ತರುವ ಡ್ರೈವಿಂಗ್ ಸ್ಕೂಲಿನ ಬಸ್ಸೂ ಖಾಲಿಯಾಗಿಯೇ ಬರುತ್ತದೆ. ನಿಂತ ಅಜ್ಜಿ ಬ್ರೇಕಿಗೆ ಮುಗ್ಗರಿಸುವುದಿಲ್ಲ, ಫುಟ್‌ಬೋರ್ಡಿನ ಮೇಲೆ ಯಾರೂ ಜೋತಾಡುವುದಿಲ್ಲ, ಮಗು ವಾಂತಿ ಮಾಡಿಕೊಳ್ಳುವುದಿಲ್ಲ. ಪ್ರಯಾಣಿಕರಿಲ್ಲದ ಬಸ್ಸಿನಷ್ಟು ಸುರಕ್ಷಿತವಾದದ್ದು ಬೇರೊಂದಿಲ್ಲ ಎಂಬ ತತ್ವವನ್ನು ಇಲಾಖೆ ನಮಗಿಂತ ಮೊದಲೇ ಕಂಡುಕೊಂಡಿದೆ.

ವೈದ್ಯರು ತುಂಬಿಕೊಡುವ ನಮೂನೆಯೂ ಸೊಗಸಾಗಿದೆ. ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟನ್ನು ಅಭ್ಯರ್ಥಿ ಗುರುತಿಸಬಲ್ಲನೇ ಎಂದು ಅದು ಕೇಳುತ್ತದೆ. ಸ್ಲೀಪರ್ ಬಸ್ಸು ಊರು ಬಿಡುವುದು ರಾತ್ರಿ ಊಟ ಮುಗಿದ ಮೇಲೆ. ಇರುಳುಗುರುಡು ಇದೆಯೇ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ಬರೆದರೆ ಬೆಳಗಿನ ಜಾವ ಮೂರು ಗಂಟೆಯ ತೂಕಡಿಕೆಗೂ ಅದೇ ಉತ್ತರ ಸಾಕಾಗುತ್ತದೆ.

ನ್ಯಾಯವಾಗಿ ಹೇಳಬೇಕೆಂದರೆ, ಡ್ರೈವಿಂಗ್ ಸ್ಕೂಲುಗಳಿಗೆ ನಿಗದಿಯಾದ ಪಠ್ಯಕ್ರಮದಲ್ಲಿ ಬೆಂಕಿ ಅವಘಡ, ಪ್ರಥಮ ಚಿಕಿತ್ಸೆ ಎರಡೂ ಇವೆ. ಅವನ್ನೆಲ್ಲ ಕಲಿತಿದ್ದಾನೆ ಎಂಬುದಕ್ಕೆ ಸ್ಕೂಲಿನವರು ನಮೂನೆ 5ರಲ್ಲಿ ಪ್ರಮಾಣಪತ್ರ ಕೊಡಬೇಕು. ನಮ್ಮ ಹುಡುಗ ತಾನು ಸೇರಿದ ಸ್ಕೂಲಿನಲ್ಲಿ ಬೆಂಕಿಯ ಪಾಠ ಯಾವತ್ತು ಎಂದು ವಿಚಾರಿಸಿದ್ದಕ್ಕೆ, “ಅದೆಲ್ಲ ಸರ್ಟಿಫಿಕೇಟಲ್ಲಿ ಬಂದಿರುತ್ತೆ ಬಿಡಪ್ಪ” ಎಂಬ ಉತ್ತರ ಬಂತಂತೆ. ಕಾಗದದ ಮೇಲೆ ಬೆಂಕಿ ಆರಿಸುವುದು ಕಷ್ಟವೇನಲ್ಲ.

ಅಮೆರಿಕದಲ್ಲಿ 16 ಅಥವಾ ಅದಕ್ಕಿಂತ ಹೆಚ್ಚು ಜನ ಕೂರುವ ವಾಹನ ಓಡಿಸುವವನು ಪ್ರಯಾಣಿಕರ ವಿಷಯಕ್ಕೆಂದೇ ಪ್ರತ್ಯೇಕ ಪರೀಕ್ಷೆ ಬರೆಯಬೇಕು. ತುರ್ತು ನಿರ್ಗಮನ, ನಿಂತು ಪ್ರಯಾಣಿಸುವವರು ದಾಟಬಾರದ ಗೆರೆ, ಹೊರಡುವ ಮುನ್ನ ಒಳಗೆ ಏನೇನು ಪರೀಕ್ಷಿಸಬೇಕು ಎಂಬುದೆಲ್ಲ ಓದಿಕೊಂಡು ಹೋಗಬೇಕಾದ ಪಾಠ. ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಸರ್ಕಾರಿ ಸಾರಿಗೆ ನಿಗಮಗಳೇ ಚಾಲಕರನ್ನು ನೇಮಿಸಿಕೊಳ್ಳುವಾಗ ಹೆವಿ ಲೈಸೆನ್ಸ್ ಇದ್ದವರನ್ನೂ ಮತ್ತೊಮ್ಮೆ ತಾವೇ ಓಡಿಸಿ ನೋಡುತ್ತವೆ. ಸರ್ಕಾರ ಕೊಟ್ಟ ಲೈಸೆನ್ಸಿನ ಮೇಲೆ ಸರ್ಕಾರದ ನಿಗಮಕ್ಕೇ ಭರವಸೆಯಿಲ್ಲ, ನಾವು ಮಾತ್ರ ಭರವಸೆಯಿಟ್ಟು ಖಾಸಗಿ ಬಸ್ಸಿನ ಮೇಲಿನ ಬರ್ತಿನಲ್ಲಿ ಪರದೆ ಎಳೆದುಕೊಂಡು ಮಲಗುತ್ತೇವೆ.

2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುತ್ತಿದ್ದ ಬಸ್ಸು ಪಾಲೆಂ ಬಳಿ ಹೊತ್ತಿ ಉರಿದು 45 ಮಂದಿ ಸತ್ತರು. ಹದಿನೈದು ದಿನಕ್ಕೆ ಹಾವೇರಿ ಬಳಿ ಇನ್ನೊಂದು ಬಸ್ಸು, 7 ಮಂದಿ. 2025ರ ಅಕ್ಟೋಬರ್ 24ರಂದು ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಬಸ್ಸು ಕರ್ನೂಲಿನ ಬಳಿ, 19 ಪ್ರಯಾಣಿಕರು. ಬದುಕಿದವರಲ್ಲಿ ಹಲವರು ಕಿಟಕಿಯ ಗಾಜನ್ನು ಕೈಗೆ ಸಿಕ್ಕಿದ್ದರಲ್ಲಿ ಒಡೆದು ಹೊರಗೆ ಬಿದ್ದವರು. ಪ್ರತಿ ಸಲವೂ ಮರುದಿನ ತಪಾಸಣೆ ನಡೆಯುತ್ತದೆ, ಬಸ್ಸುಗಳನ್ನು ಜಪ್ತಿ ಮಾಡುತ್ತಾರೆ, ಸಚಿವರು ಕಠಿಣ ಕ್ರಮದ ಮಾತಾಡುತ್ತಾರೆ. ಬಾಗಿಲು ಎಲ್ಲಿದೆ, ಸುತ್ತಿಗೆ ಎಲ್ಲಿದೆ ಎಂದು ಹೊರಡುವ ಮುನ್ನ ಒಂದು ನಿಮಿಷ ಎದ್ದು ನಿಂತು ಹೇಳಬೇಕೆಂದು ಆ ಚಾಲಕನಿಗೆ ಯಾರಾದರೂ ಕಲಿಸಿದ್ದರೇ, ಕಲಿತಿದ್ದಾನೆಯೇ ಎಂದು ಯಾರಾದರೂ ನೋಡಿದ್ದರೇ ಎಂಬುದನ್ನು ಒಬ್ಬನೂ ಕೇಳುವುದಿಲ್ಲ. ಇದನ್ನು ಬರೆಯುತ್ತ ತಮಾಷೆ ಮಾಡುವ ಉತ್ಸಾಹ ನನಗೆ ಉಳಿದಿಲ್ಲ.

ಸೋಮವಾರ ಹುಡುಗನ ಪರೀಕ್ಷೆ. ಓದುವಂಥದ್ದು ಏನೂ ಇಲ್ಲ ಎಂದಾಗ ಖುಷಿಪಡುತ್ತಾನೆಂದುಕೊಂಡಿದ್ದೆ, ಸಪ್ಪಗಾದ. ಸ್ವಲ್ಪ ಹೊತ್ತು ಬಿಟ್ಟು, “ಹಂಗಾದ್ರೆ ಬಸ್ಸಲ್ಲಿ ಹೊಗೆ ಕಾಣಿಸ್ಕೊಂಡ್ರೆ ಮೊದ್ಲು ಏನ್ ಮಾಡ್ಬೇಕು ಮಾವ?” ಎಂದ. ರಸ್ತೆಯ ಬದಿಗೆ ತಂದು ನಿಲ್ಲಿಸು, ಎಂಜಿನ್ ಆಫ್ ಮಾಡು, ಬಾಗಿಲುಗಳನ್ನು ತೆರೆ, ಮಲಗಿದವರನ್ನು ಕೂಗಿ ಎಬ್ಬಿಸು, ಸಾಮಾನು ಬಿಟ್ಟು ಇಳಿಯಲು ಹೇಳು, ಎಲ್ಲರನ್ನೂ ಬಸ್ಸಿನಿಂದ ದೂರ ಕಳಿಸು ಎಂದು ನನಗೆ ತೋಚಿದ್ದನ್ನು ಹೇಳಿದೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದುಂಡಗೆ ಬರೆದುಕೊಂಡು, ತಲೆ ಎತ್ತಿ, “ಇದು ಪರೀಕ್ಷೆಗೆ ಬರುತ್ತಾ?” ಎಂದು ಕೇಳಿದ.

ಬರಲ್ಲ ಕಣೋ, ಎಂದೆ.