ಬೀಗ ಕೆಟ್ಟಿಲ್ಲ, ಬಾಗಿಲು ಇಳಿದಿದೆ

ಇಂದು ಬೆಳಗ್ಗೆ ನಮ್ಮ ಕಟ್ಟಡದ ನೆಲಮಹಡಿಯ ಮಾವಶಿಯ, ಅಂದರೆ ನಾನು ಚಿಕ್ಕಮ್ಮ ಎಂಬಂತೆ ಕರೆಯುವ ಹಿರಿಯರ, ಮನೆಯಲ್ಲಿ ಕಣ್ಣಾರೆ ಕಂಡದ್ದನ್ನು ಬರೆಯದೆ ಇರಲು ನನ್ನಿಂದ ಆಗುತ್ತಿಲ್ಲ. ಹಿತ್ತಲಿನ ಫರಸಿ ಹಾಸಿದ ಅಂಗಳಕ್ಕೆ ತೆರೆಯುವ ಅವರ ಗಾಜಿನ ಸ್ಲೈಡಿಂಗ್ ಬಾಗಿಲಿನ ಬೀಗ ಹೋಳಿಹುಣ್ಣಿಮೆಯ ಆಸುಪಾಸಿನಿಂದ ಬೀಳುತ್ತಿರಲಿಲ್ಲ. ಬೆಂಗಳೂರಿನಲ್ಲಿರುವ ಮಗ ಆನ್‌ಲೈನಿನಲ್ಲಿ ಯಾವುದೋ ಕಂಪನಿಯನ್ನು ಗೊತ್ತುಮಾಡಿ ಒಬ್ಬ ಮಿಸ್ತ್ರಿಯನ್ನು ಕಳುಹಿಸಿದ್ದ. ಬಂದವನು ಹಿಡಿಕೆಯನ್ನು ಒಂದೆರಡು ಸಲ ಜಗ್ಗಿ, ಮೊಬೈಲಿನಲ್ಲಿ ಫೋಟೊ ತೆಗೆದು, ಈ ಮಾದರಿಯ ಬೀಗ ಈಗ ಸಿಗುವುದಿಲ್ಲ, ಇಡೀ ಬಾಗಿಲನ್ನೇ ಬದಲಿಸಬೇಕು, ರೂ. 28,000 ಆಗುತ್ತದೆ ಎಂದು ಹೇಳಿ ಮುಂಗಡ ಕೇಳಿದ. ಅವನು ಒಮ್ಮೆಯೂ ಮಂಡಿಯೂರಿ ಬಾಗಿಲಿನ ಬುಡವನ್ನು ನೋಡಲಿಲ್ಲ. ನನ್ನನ್ನು ಕೆರಳಿಸಿದ್ದು ಅವನು ಹೇಳಿದ ಬೆಲೆಗಿಂತ ಹೆಚ್ಚಾಗಿ ಅವನು ಬಗ್ಗದೆ ಹೋದದ್ದು.

“ಕೀಲಿ ಬೀಳವಲ್ದು ಅಂತ ಕರಸಿದ್ರ ಬಾಗಲಾನ ತಗೀರಿ ಅಂತಾನಲ್ಲವ್ವಾ” ಎಂದು ಮಾವಶಿ ನನ್ನ ಮುಖ ನೋಡಿದರು. ನಾನು ಇಲ್ಲಿನ ಒಂದು ಹಡಗು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವವಳು, ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ ಎಂಬುದು ನಿಮಗೆಲ್ಲ ಗೊತ್ತಿರುವುದರಿಂದ ಅದನ್ನು ವಿವರಿಸುವುದಿಲ್ಲ. ಮುಂಗಡ ಕೊಡಬೇಡಿ, ಸಂಜೆ ಬಂದು ನೋಡುತ್ತೇನೆ ಎಂದೆ. ಸಂಜೆಯವರೆಗೂ ಕಾಯಲು ಮನಸ್ಸಾಗದೆ ಅರ್ಧ ದಿನ ರಜೆ ಹಾಕಿ ಬಂದೆ.

ಬೀಗದ ಕೊಕ್ಕೆ ಹೋಗಿ ಸಿಕ್ಕಿಕೊಳ್ಳಬೇಕಾದ ಲೋಹದ ಪಟ್ಟಿ ಎದುರಿನ ಚೌಕಟ್ಟಿನಲ್ಲಿರುತ್ತದಲ್ಲ, ಅದರ ಮೇಲೆ ಟಾರ್ಚ್ ಹಿಡಿದರೆ ಎಲ್ಲವೂ ಬರೆದಿಟ್ಟಷ್ಟು ಸ್ಪಷ್ಟವಾಗಿತ್ತು. ಪಟ್ಟಿಯ ಸೀಳಿನ ಕೆಳಗೆ, ಸುಮಾರು 4 ಮಿ.ಮೀ. ಅಂತರದಲ್ಲಿ, ಕೊಕ್ಕೆಯ ಮೂತಿ ಮತ್ತೆ ಮತ್ತೆ ಬಡಿದು ಉಂಟಾದ ಹೊಳೆಯುವ ಗೀರುಗಳ ಗುಂಪು ಇತ್ತು. ಸುತ್ತಲಿನ ಲೋಹವೆಲ್ಲ ಮಂಕಾಗಿದ್ದರೆ ಅಷ್ಟು ಜಾಗ ಮಾತ್ರ ಬೆಳ್ಳಗೆ ಮಿನುಗುತ್ತಿತ್ತು. ಬಾಗಿಲನ್ನು ತೆರೆದೇ ಇಟ್ಟು ಹಿಡಿಕೆಯ ಚಿಕ್ಕ ಕೀಲನ್ನು ಒತ್ತಿದಾಗ ಕೊಕ್ಕೆ ಪೂರ್ತಿ ಹೊರಗೆ ಬಂದು ಪೂರ್ತಿ ಒಳಗೆ ಹೋಯಿತು, ಎಲ್ಲಿಯೂ ತಡೆಯಲಿಲ್ಲ. ತೆರೆದ ಬಾಗಿಲಿನಲ್ಲಿ ಸರಿಯಾಗಿ ಆಡುವ ಬೀಗ ಮುಚ್ಚಿದ ಬಾಗಿಲಿನಲ್ಲಿ ಬೀಳುತ್ತಿಲ್ಲ ಎಂದರೆ ದೋಷ ಬೀಗದಲ್ಲಿಲ್ಲ, ಬಾಗಿಲು ಕೆಳಗೆ ಇಳಿದಿದೆ ಎಂದೇ ಅರ್ಥ. ಇಷ್ಟನ್ನು ನೋಡಲು ಒಂದು ಟಾರ್ಚ್ ಮತ್ತು ಎರಡು ನಿಮಿಷ ಸಾಕಾಗಿತ್ತು.

ಬಾಗಿಲು ಏಕೆ ಇಳಿಯುತ್ತದೆ ಎಂಬುದರಲ್ಲಿ ರಹಸ್ಯವೇನೂ ಇಲ್ಲ. ಗಾಜು ಪ್ರತಿ ಚದರ ಮೀಟರಿಗೆ, ಪ್ರತಿ ಮಿ.ಮೀ. ದಪ್ಪಕ್ಕೆ ಸುಮಾರು 2.5 ಕೆ.ಜಿ. ತೂಗುತ್ತದೆ. ಮೂರು ಅಡಿ ಅಗಲ, ಏಳು ಅಡಿ ಎತ್ತರದ, 5 ಮಿ.ಮೀ. ಗಾಜಿನ ಒಂದು ಪಲ್ಲೆ, ಅಂದರೆ ಸರಿಯುವ ಬಾಗಿಲಿನ ಒಂದು ಹಲಗೆ, ಎಂದರೆ ಗಾಜೊಂದೇ ಸುಮಾರು 24 ಕೆ.ಜಿ., ಅದರ ಮೇಲೆ ಅಲ್ಯೂಮಿನಿಯಂ ಚೌಕಟ್ಟಿನ ಭಾರ. ಈ ಎಲ್ಲ ಭಾರವನ್ನು ಹೊರುವುದು ಬಾಗಿಲಿನ ಕೆಳಗೆ ಎರಡು ತುದಿಗಳಲ್ಲಿರುವ, ಹೆಬ್ಬೆರಳಿನ ಉಗುರಿನಷ್ಟು ಚಿಕ್ಕ ಗಾಲಿಗಳು. ಗಾಲಿ ಸವೆದರೆ, ಅಥವಾ ಅದನ್ನು ಎತ್ತರಕ್ಕೆ ಹಿಡಿದಿಟ್ಟ ಸ್ಕ್ರೂ ಸಡಿಲವಾದರೆ, ಬಾಗಿಲಿನ ಆ ಮೂಲೆ ಕೆಳಗೆ ಕೂರುತ್ತದೆ, ಅದರೊಂದಿಗೆ ಬೀಗದ ಕೊಕ್ಕೆಯೂ ಇಳಿಯುತ್ತದೆ. ಎದುರಿನ ಪಟ್ಟಿ ಮಾತ್ರ ಗೋಡೆಯ ಚೌಕಟ್ಟಿನಲ್ಲಿ ತನ್ನ ಹಳೆಯ ಸ್ಥಾನದಲ್ಲೇ ಇರುತ್ತದೆ.

ಅದರಲ್ಲೂ ಗೋವಾದ ಬಂದರಿನ ಊರಾದ ನಮ್ಮ ವಾಸ್ಕೊದಲ್ಲಿ ಗಾಲಿ ಸವೆಯುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಮುರಗಾಂವ್ ಬಂದರಿನ ಕಲ್ಲಿದ್ದಲಿನ ಪುಡಿ ಎಷ್ಟು ಮನೆಗಳ ಕಿಟಕಿಯ ಅಂಚಿನಲ್ಲಿ ಕುಳಿತಿದೆ ಎಂಬುದನ್ನು ಇಲ್ಲಿರುವವರಿಗೆ ಹೇಳಬೇಕಿಲ್ಲ. ಮಾವಶಿಯ ಬಾಗಿಲಿನ ಹಳಿಯಲ್ಲಿ ಆ ಕರಿಪುಡಿ, ಕೆಮ್ಮಣ್ಣು, ನಾಯಿಯ ಕೂದಲು ಎಲ್ಲ ಸೇರಿ ಒತ್ತಾಗಿ ಗಟ್ಟಿಯಾಗಿತ್ತು. ಹಳಿಯ ಹೊರಬದಿಯಲ್ಲಿ ಮಳೆನೀರು ಹರಿದುಹೋಗಲೆಂದು ಕೊರೆದಿರುವ ಉದ್ದನೆಯ ಕಿಂಡಿಗಳು ಪೂರ್ತಿ ಮುಚ್ಚಿಹೋಗಿದ್ದವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋವಾದಲ್ಲಿ ಸುಮಾರು 3,000 ಮಿ.ಮೀ. ಮಳೆ ಸುರಿಯುತ್ತದೆ. ಆ ಕಿಂಡಿ ಮುಚ್ಚಿದ ಹಳಿಯಲ್ಲಿ ನೀರು ನಿಂತು, ಗಾಲಿಯ ಅಚ್ಚು ತುಕ್ಕುಹಿಡಿದು, ಗಾಲಿ ಉರುಳುವುದನ್ನು ಬಿಟ್ಟು ಎಳೆದುಕೊಂಡು ಹೋಗತೊಡಗುತ್ತದೆ. ಎಳೆದಾಡಿದ ಗಾಲಿಯ ಒಂದು ಬದಿ ಚಪ್ಪಟೆಯಾಗುತ್ತದೆ. ಅಲ್ಲಿಗೆ ಬಾಗಿಲು ಇಳಿಯಿತು, ಕೊಕ್ಕೆ ತಪ್ಪಿತು.

ನಾನು ಮಾಡಿದ್ದು ಇಷ್ಟು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಳಿಯನ್ನು ಕೆರೆದು, ಒದ್ದೆ ಬಟ್ಟೆಯಿಂದ ಒರೆಸಿ, ಕಿಂಡಿಗಳಿಗೆ ಸಣ್ಣ ತಂತಿ ಹಾಕಿ ಬಿಡಿಸಿ, ಒಂದು ಚೊಂಬು ನೀರು ಸುರಿದು ಅದು ಅಂಗಳಕ್ಕೆ ಹರಿಯುವುದನ್ನು ನೋಡಿದೆ. ಬಾಗಿಲಿನ ಕೆಳಗಿನ ಮೂಲೆಗಳಲ್ಲಿ ಪ್ಲಾಸ್ಟಿಕ್ ಮುಚ್ಚಳ ಹಾಕಿದ ಪುಟ್ಟ ರಂಧ್ರಗಳಿದ್ದವು, ಒಳಗೆ ಗಾಲಿಯನ್ನು ಏರಿಸಿ ಇಳಿಸುವ ಸ್ಕ್ರೂ. ಮಾವಶಿಯ ಮನೆಗೆಲಸದ ಹುಡುಗಿ ಚಪ್ಪಟೆ ಕಬ್ಬಿಣದ ಪಟ್ಟಿಯಿಂದ ಬಾಗಿಲನ್ನು ಕೂದಲೆಳೆಯಷ್ಟು ಮೇಲೆತ್ತಿ ಹಿಡಿದಳು, ಏಕೆಂದರೆ ಪೂರ್ತಿ ಭಾರ ಗಾಲಿಯ ಮೇಲಿರುವಾಗ ಸ್ಕ್ರೂ ತಿರುಗಿಸಿದರೆ ಅದರ ತಲೆ ಹಾಳಾಗುತ್ತದೆ. ಅರ್ಧರ್ಧ ಸುತ್ತು ತಿರುಗಿಸುವುದು, ಬಾಗಿಲನ್ನು ಬೆರಳಿನಷ್ಟು ಸಂದು ಬಿಟ್ಟು ಮುಚ್ಚುವುದು, ಆ ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಅಗಲವಾಗಿದೆಯೇ ಎಂದು ನೋಡುವುದು. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಬೀಗದ ಬದಿಯ ಮೂಲೆ ಇನ್ನೂ ತಗ್ಗಿದೆ ಎಂದು ತಿಳಿಯಬೇಕು. ಸಂದು ಸಮವಾದ ಮೇಲೆ ಕೊಕ್ಕೆ ತಾನಾಗಿಯೇ ಸೀಳಿನ ನಡುವಿಗೆ ಬಂದು ಟಕ್ಕೆಂದು ಕುಳಿತಿತು. ಖರ್ಚಾದದ್ದು ಏನೂ ಇಲ್ಲ. ಗಾಲಿಗಳನ್ನು ಮಾತ್ರ ಮಳೆಗಾಲಕ್ಕೆ ಮುಂಚೆ ಬದಲಿಸಬೇಕು, ಬೇರಿಂಗ್ ಇರುವ ಸ್ಟೇನ್‌ಲೆಸ್ ಸ್ಟೀಲಿನ ಗಾಲಿ ತರಿಸಲು ಹೇಳಿದ್ದೇನೆ.

“ಇಷ್ಟಕ್ಕ ಅಷ್ಟು ರೊಕ್ಕ ಕೇಳಿದ್ನಲ್ಲ!” ಎಂದು ಮಾವಶಿ ಸೆರಗಿನಿಂದ ಕಣ್ಣೊರೆಸಿಕೊಂಡಾಗ ನನಗೆ ಆ ಕಂಪನಿಯ ಮೇಲೆ ಬಂದ ಕೋಪವನ್ನು ಈಗಲೂ ಅಡಗಿಸಲಾಗುತ್ತಿಲ್ಲ. ಗಂಡನ ಪಿಂಚಣಿಯಲ್ಲಿ ಬದುಕುತ್ತಿರುವ ಹೆಂಗಸಿನ ಎದುರು ನಿಂತು, ಬುಡ ನೋಡದೆಯೇ ಇಡೀ ಬಾಗಿಲನ್ನು ಕಿತ್ತು ಹಾಕಿ ಎನ್ನುವುದು ಅನ್ಯಾಯ.

ಕೆಲವರು ಹೇಳುವುದು ನನಗೆ ಗೊತ್ತು. ಇಂದಿನ ದಿನಗಳಲ್ಲಿ ಯಾರಿಗೆ ಇಷ್ಟೆಲ್ಲ ನೋಡುವ ಪುರುಸೊತ್ತಿದೆ, ಬೀಗಕ್ಕೆ ಕೆಲವು ನೂರು ರೂಪಾಯಿ, ಹೊಸದು ಹಾಕಿಸಿ ಮುಂದೆ ಹೋಗುವುದು ಜಾಣತನವಲ್ಲವೇ ಎಂದು. ಹೊಸ ಬೀಗ ಹಾಕಿಸಿಕೊಂಡವರ ಮನೆಗಳನ್ನೂ ನಾನು ನೋಡಿದ್ದೇನೆ. ಇಳಿದ ಬಾಗಿಲಿಗೆ ಹೊಸ ಬೀಗ ಹಾಕಿದರೆ ಹೊಸ ಕೊಕ್ಕೆ ಅದೇ ಹಳೆಯ ಜಾಗಕ್ಕೆ ಬಡಿಯುತ್ತದೆ. ಅಗ್ಗದ ಬೀಗಗಳಲ್ಲಿ ಕೊಕ್ಕೆ ಹೆಚ್ಚಾಗಿ ಎರಕ ಹೊಯ್ದ ಸತುವಿನ ಮಿಶ್ರಲೋಹದ್ದು, ಅದು ಉಕ್ಕಿನಂತೆ ಬಾಗುವುದಿಲ್ಲ, ಬಡಿತ ತಿಂದು ತಿಂದು ಒಂದು ದಿನ ಮುರಿಯುತ್ತದೆ. ಆಗ ಮತ್ತೊಂದು ಬೀಗ. ಪುರುಸೊತ್ತಿಲ್ಲ ಎನ್ನುವವರು ಅದೇ ಕೆಲಸಕ್ಕೆ ಮತ್ತೆ ಮತ್ತೆ ಮಿಸ್ತ್ರಿಯ ದಾರಿ ಕಾಯುತ್ತಾರೆ.

ಇನ್ನೂ ನೋವಾಗುವುದು ಎದುರಿನ ಪಟ್ಟಿಯ ಸೀಳನ್ನು ಅರದಿಂದ ಉಜ್ಜಿ ದೊಡ್ಡದು ಮಾಡಿಸಿಕೊಂಡವರನ್ನು ಕಂಡಾಗ. ಆ ದಿನಕ್ಕೆ ಕೊಕ್ಕೆ ಬೀಳುತ್ತದೆ, ನಿಜ. ಆದರೆ ಬಾಗಿಲು ಇಳಿಯುತ್ತಲೇ ಇರುತ್ತದೆ, ಮತ್ತು ದೊಡ್ಡದಾದ ಸೀಳಿನಲ್ಲಿ ಕೊಕ್ಕೆಗೆ ಆಡಲು ಜಾಗ ಸಿಕ್ಕಿ ಹೊರಗಿನಿಂದ ಅಲುಗಾಡಿಸಿದರೆ ಬಾಗಿಲು ಗಡಗಡ ಎನ್ನುತ್ತದೆ. ಪಟ್ಟಿಯನ್ನು ಸರಿಸಬೇಕಾದ ಸಂದರ್ಭ ಬಂದರೂ ಮೊದಲು ಬಾಗಿಲನ್ನು ಎತ್ತರಕ್ಕೆ ತಂದು, ಆಮೇಲೆ ಪಟ್ಟಿಯ ಸ್ಕ್ರೂ ಸಡಿಲಿಸಿ ಒಂದೆರಡು ಮಿ.ಮೀ. ಸರಿಸಬೇಕು. ಕ್ರಮ ತಪ್ಪಿದರೆ ಎರಡೂ ಕೆಲಸ ವ್ಯರ್ಥ.

ಎಣ್ಣೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಬೀಗ ಬಿಗಿಯಾದ ಕೂಡಲೇ ಕೊಬ್ಬರಿ ಎಣ್ಣೆ ಬಿಡುವ ಅಭ್ಯಾಸ ನಮ್ಮ ಮನೆಗಳಲ್ಲಿ ಗಟ್ಟಿಯಾಗಿ ಕುಳಿತಿದೆ. ಕೆಲವು ತಿಂಗಳಲ್ಲಿ ಅದು ಅಂಟಾಗುತ್ತದೆ, ಧೂಳನ್ನು ಹಿಡಿದಿಟ್ಟುಕೊಂಡು ಒಳಗಿನ ಸ್ಪ್ರಿಂಗನ್ನೇ ನಿಲ್ಲಿಸಿಬಿಡುತ್ತದೆ. ಎಲ್ಲರ ಕೈಯಲ್ಲೂ ಇರುವ ಡಬ್ಲ್ಯೂಡಿ-40 ಸ್ಪ್ರೇ ಡಬ್ಬಿಯೂ ಇದಕ್ಕೆ ಪರಿಹಾರವಲ್ಲ. ಅದು 1953ರಲ್ಲಿ ಅಮೆರಿಕದಲ್ಲಿ ಲೋಹದ ಮೈಯಿಂದ ತೇವವನ್ನು ಓಡಿಸಿ ತುಕ್ಕು ತಡೆಯಲೆಂದು ತಯಾರಾದದ್ದು, ಅಟ್ಲಾಸ್ ಕ್ಷಿಪಣಿಯ ಹೊರಮೈಗೆ ಬಳಸಿದ್ದೂ ಅದೇ ಉದ್ದೇಶಕ್ಕೆ. ತುಕ್ಕು ಬಿಡಿಸಲು, ಜಿಡ್ಡು ತೊಳೆಯಲು ಅದು ಒಳ್ಳೆಯದು, ಆದರೆ ಬಹುಕಾಲ ನಿಲ್ಲುವ ಜಾರಿಕೆಯನ್ನು ಅದರಿಂದ ನಿರೀಕ್ಷಿಸಬಾರದು. ಅದರಿಂದ ತೊಳೆದು ಒಣಗಿಸಿದ ಮೇಲೆ ಕೊಕ್ಕೆಗೂ ಗಾಲಿಯ ಅಚ್ಚಿಗೂ ಒಣ ಸಿಲಿಕೋನ್ ಸ್ಪ್ರೇ, ಬೀಗದಕೈ ತೂರುವ ರಂಧ್ರಕ್ಕೆ ಚಿಟಿಕೆ ಗ್ರಾಫೈಟ್ ಪುಡಿ ಸಾಕು. ಗಾಲಿ ಓಡುವ ಹಳಿಯ ಮೇಲೆ ಏನನ್ನೂ ಹಾಕಬಾರದು, ಅದು ಶುಚಿಯಾಗಿ ಒಣಗಿರಬೇಕು.

ಸ್ಕ್ರೂಗಳ ಬಗ್ಗೆ ಮಾತನಾಡದಿದ್ದರೆ ಸ್ಟೋರ್ಸ್‌ನಲ್ಲಿ ಕೂತು ಪ್ರಯೋಜನವಿಲ್ಲ. ಸಮುದ್ರದ ಉಪ್ಪುಗಾಳಿಯಲ್ಲಿ ಅಲ್ಯೂಮಿನಿಯಂ ಚೌಕಟ್ಟಿಗೆ ಮಾಮೂಲು ಕಬ್ಬಿಣದ ಸ್ಕ್ರೂ ಹಾಕಿದರೆ ಅದರ ಸತುವಿನ ಲೇಪ ಮೊದಲು ಹೋಗುತ್ತದೆ, ನಂತರ ಸ್ಕ್ರೂ ತುಕ್ಕುಹಿಡಿಯುತ್ತದೆ, ಸುತ್ತಲಿನ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಎರಡು ಬೇರೆ ಲೋಹಗಳು ಉಪ್ಪುನೀರಿನಲ್ಲಿ ತಾಗಿಕೊಂಡಿರುವಾಗ ಹೀಗೆಯೇ ಆಗುವುದು. ಬಂದರಿನ ಊರಿನಲ್ಲಿ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿಸಿ, ಅದರಲ್ಲಿರುವ ಶೇ. 2ರಿಂದ 3ರಷ್ಟು ಮಾಲಿಬ್ಡಿನಮ್ ಉಪ್ಪಿನ ಕೊರೆತವನ್ನು ಮಾಮೂಲು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿಗಿಂತ ಚೆನ್ನಾಗಿ ತಡೆಯುತ್ತದೆ. ಹಾಕುವಾಗ ಅದರ ಹಲ್ಲುಗಳಿಗೆ ಸ್ವಲ್ಪ ಗ್ರೀಸ್ ಸವರಿದರೆ ಎರಡು ಲೋಹಗಳ ನಡುವೆ ನೀರು ಇಳಿಯುವುದೂ ತಪ್ಪುತ್ತದೆ.

ನನಗೆ ಈ ವಿಷಯದಲ್ಲಿ ಇಷ್ಟು ಕಾಳಜಿ ಏಕೆ ಎಂದು ಕೇಳಿದರೆ, ಇದುವರೆಗೆ ಯಾರಿಗೂ ಹೇಳದ ಒಂದು ಮಾತನ್ನು ಹೇಳುತ್ತೇನೆ. ನಮ್ಮ ಮನೆಯವರು ಹಡಗಿನ ಮೇಲಿರುವ ತಿಂಗಳುಗಳಲ್ಲಿ, ಮಗು ಮಲಗಿದ ನಂತರ, ನಾನು ರಾತ್ರಿ ಎದ್ದು ಹೋಗಿ ಹಿಂಬಾಗಿಲನ್ನು ಎಳೆದು ನೋಡಿ ಬರುತ್ತೇನೆ. ಬೀಗ ಬಿದ್ದಿದೆ ಎಂದು ಕೈಗೆ ತಿಳಿದ ಮೇಲೆಯೇ ನನಗೆ ನಿದ್ದೆ. ಬೀಗ ಬೀಳದ ಬಾಗಿಲಿನ ಪಕ್ಕದ ಕೋಣೆಯಲ್ಲಿ ಮಾವಶಿ ಇಷ್ಟು ದಿನ ಒಬ್ಬರೇ ಮಲಗಿದ್ದರು. ಗೇಟಿನಲ್ಲಿ ವಾಚ್‌ಮನ್ ಇದ್ದಾನಲ್ಲ ಎಂದು ಸಮಾಧಾನ ಹೇಳುವವರು ಅವರ ಜಾಗದಲ್ಲಿ ಮಲಗಿ ನೋಡಿಲ್ಲ.

ಇಳಿದ ಬಾಗಿಲಿನ ಅಪಾಯ ಬೀಗಕ್ಕಷ್ಟೇ ಸೀಮಿತವಲ್ಲ ಎಂಬುದನ್ನೂ ತಿಳಿದಿರಬೇಕು. ಬಾಗಿಲು ಕೆಳಗೆ ಕೂತಷ್ಟೂ ಮೇಲಿನ ಚೌಕಟ್ಟಿನಲ್ಲಿ ಖಾಲಿ ಜಾಗ ಹೆಚ್ಚುತ್ತದೆ. ಸ್ಲೈಡಿಂಗ್ ಬಾಗಿಲನ್ನು ಜೋಡಿಸುವುದೂ ಬಿಚ್ಚುವುದೂ ಅದನ್ನು ಮೇಲಕ್ಕೆತ್ತಿಯೇ. ಜಾಗ ಸಾಕಷ್ಟಿದ್ದರೆ ಹೊರಗಿನವನೂ ಅದನ್ನು ಎತ್ತಿ ಹಳಿಯಿಂದ ಇಳಿಸಬಹುದು. ಆದ್ದರಿಂದ ಗಾಲಿ ಏರಿಸಿದ ಮೇಲೆ ಮೇಲಿನ ಚೌಕಟ್ಟಿನೊಳಗೆ ಬಾಗಿಲು ಎದ್ದೇಳದಂತೆ ತಡೆಯುವ ಪ್ಲಾಸ್ಟಿಕ್ ತುಂಡುಗಳನ್ನು ಕೂರಿಸಬೇಕು. ಒಳಬದಿಯ ಹಳಿಯಲ್ಲಿ, ಬಾಗಿಲು ಸರಿಯುವ ಉದ್ದಕ್ಕೆ ಸರಿಯಾಗಿ ಕತ್ತರಿಸಿದ ಮರದ ಕೋಲನ್ನೋ ಗಟ್ಟಿ ಪೈಪಿನ ತುಂಡನ್ನೋ ಇಟ್ಟರೆ ಬೀಗ ಸೋತರೂ ಬಾಗಿಲು ಸರಿಯುವುದಿಲ್ಲ. ಬೆಂಕಿಯಂತಹ ಆಪತ್ತಿನಲ್ಲಿ ಹೊರಗೋಡಬೇಕಾದೀತು, ಹಾಗಾಗಿ ಅದನ್ನು ತೆಗೆಯುವುದು ಮನೆಯ ಮಕ್ಕಳಿಗೂ ವೃದ್ಧರಿಗೂ ಗೊತ್ತಿರಲಿ.

ಬೀಗವನ್ನು ಬದಲಿಸಲೇಬೇಕಾದ ಸಂದರ್ಭವೂ ಬರುತ್ತದೆ. ಕೊಕ್ಕೆ ಮುರಿದಿದ್ದರೆ, ತೆರೆದ ಬಾಗಿಲಿನಲ್ಲಿಯೂ ಅದು ಆಡದಿದ್ದರೆ ಬದಲಿಸಿ. ಆಗಲೂ ಇಡೀ ಬಾಗಿಲು ಬೇಕಿಲ್ಲ. ಹಳೆಯ ಬೀಗವನ್ನು ಬಿಚ್ಚಿ ಅಂಗಡಿಗೆ ಒಯ್ದು, ಎರಡು ಸ್ಕ್ರೂ ರಂಧ್ರಗಳ ನಡುವಿನ ಅಂತರ, ಬೀಗದ ದಪ್ಪ, ಕೊಕ್ಕೆ ತಿರುಗುವ ದಿಕ್ಕು ಇವನ್ನು ಹೋಲಿಸಿದರೆ ಹೊಂದುವ ಬೀಗ ಬಹುಮಟ್ಟಿಗೆ ಸಿಗುತ್ತದೆ. ಕೆಲವು ಬಾಗಿಲುಗಳಲ್ಲಿ ಗಾಲಿಗೆ ಏರಿಳಿಸುವ ಸ್ಕ್ರೂ ಇರುವುದಿಲ್ಲ, ಅಲ್ಲಿ ಪಲ್ಲೆಯನ್ನು ಬಿಚ್ಚಿ ಗಾಲಿಯನ್ನೇ ಬದಲಿಸಬೇಕಾಗುತ್ತದೆ. ಅದು ಇಬ್ಬರು ಗಟ್ಟಿಮುಟ್ಟಾದವರ ಕೆಲಸ, ಒಬ್ಬರೇ ಕೈಹಾಕಬೇಡಿ.

ಇದನ್ನು ಇಲ್ಲಿ ಇಷ್ಟು ಉದ್ದ ಬರೆಯಲು ಇನ್ನೊಂದು ಕಾರಣವಿದೆ. ನೆಲಮಹಡಿಯ ಎಲ್ಲ ಮನೆಗಳ ಹಿಂಬಾಗಿಲನ್ನೂ ಒಟ್ಟಿಗೆ ಬದಲಿಸಿದರೆ ರಿಯಾಯಿತಿ ಕೊಡುತ್ತೇವೆಂದು ಅದೇ ಕಂಪನಿ ನಮ್ಮ ಸೊಸೈಟಿಗೆ ಪತ್ರ ಕೊಟ್ಟಿದೆ, ಭಾನುವಾರದ ಸಭೆಯಲ್ಲಿ ಅದು ಚರ್ಚೆಗೆ ಬರಲಿದೆ. ಮೊದಲು ಪ್ರತಿ ಬಾಗಿಲಿನ ಹಳಿಯನ್ನು ಶುಚಿಮಾಡಿಸಿ, ಗಾಲಿಗಳನ್ನು ಏರಿಸಿ ನೋಡಬೇಕು, ಅದಾದ ಮೇಲೂ ಬೀಗ ಬೀಳದ ಮನೆಯ ಬಗ್ಗೆ ಮಾತ್ರ ಮುಂದೆ ಯೋಚಿಸಬೇಕು ಎಂದು ನಾನು ಲಿಖಿತ ಆಕ್ಷೇಪ ಸಿದ್ಧಪಡಿಸಿದ್ದೇನೆ. ಮಾವಶಿ ಈಗಾಗಲೇ ಮೊದಲ ಸಹಿ ಹಾಕಿದ್ದಾರೆ. ನಮ್ಮ ಕಟ್ಟಡದ ಗೆಳೆಯರು ಶನಿವಾರ ಸಂಜೆಯೊಳಗೆ ಬಂದು ಸಹಿ ಮಾಡಿ, ಬರುವ ಮುನ್ನ ನಿಮ್ಮ ನಿಮ್ಮ ಬಾಗಿಲಿನ ಎದುರಿನ ಚೌಕಟ್ಟಿನ ಪಟ್ಟಿಯ ಮೇಲೆ ಟಾರ್ಚ್ ಹಿಡಿದು ಗೀರು ಎಲ್ಲಿದೆ ಎಂದು ನೋಡಿ, ಫೋಟೊ ತೆಗೆದುಕೊಂಡು ಬನ್ನಿ. ಆ ಫೋಟೊಗಳನ್ನು ಸಭೆಯಲ್ಲಿ ಎಲ್ಲರ ಮುಂದೆ ಇಡೋಣ.