ನೋಡೋಕೆ ಒಂದೇ ರೋಗ, ಒಳಗೆ ಹಲವು ಬಗೆ

‘ನಿರೋಧಕ ತಳಿ ಬಿತ್ತಿದರೆ ರಾಗಿಯ ಬೆಂಕಿ ರೋಗದ ಕಾಟ ಮುಗಿಯಿತು’ ಎಂದು ಬರೆದಿದ್ದೀರಿ. ಅಷ್ಟು ಸುಲಭ ಅಲ್ಲ ಸಾರ್. ನಾನಿರುವುದು ಯಲಹಂಕದಲ್ಲಿ, ನಮ್ಮ ಹೊಲ ದೊಡ್ಡಬಳ್ಳಾಪುರದ ಕಡೆ. ಮೊದಲು ಎಲೆ ಮೇಲೆ ವಜ್ರದಾಕಾರದ ಚುಕ್ಕೆ, ನಡುವೆ ಬೂದಿ ಬಣ್ಣ, ಸುತ್ತ ಕಂದು. ಆಮೇಲೆ ತೆನೆಯ ಕುತ್ತಿಗೆ ಕಪ್ಪಾಗುತ್ತದೆ. ತೆನೆ ಹಿಸುಕಿದರೆ ಬರೀ ಜೊಳ್ಳು.

ನೋಡೋಕೆ ಎಲ್ಲಾ ಒಂದೇ. ಆದರೆ ಶಿಲೀಂಧ್ರ ಒಂದೇ ಬಗೆಯದಲ್ಲ. ಈ ರೋಗ ತರುವ ಪೈರಿಕ್ಯುಲೇರಿಯಾ ಶಿಲೀಂಧ್ರದಲ್ಲೇ ಭತ್ತಕ್ಕೆ ಹತ್ತುವ ಗುಂಪು ಬೇರೆ, ರಾಗಿಯದು ಬೇರೆ. ಭತ್ತದ್ದು ಬಹುಪಾಲು ತದ್ರೂಪಿಯಾಗೇ, ಅಂದರೆ ಕೂಡದೆ ತನ್ನದೇ ನಕಲು ಮಾಡಿಕೊಂಡು, ಹರಡುತ್ತದೆ. ರಾಗಿಯದರಲ್ಲಿ ಪರಸ್ಪರ ಕೂಡಬಲ್ಲ ಎರಡೂ ಬಗೆ ಸಿಕ್ಕಿವೆ. ಕೂಡಿದರೆ ವಂಶವಾಹಿಗಳು ಇಸ್ಪೀಟು ಎಲೆ ಕಲಸಿದ ಹಾಗೆ ಬೆರೆತು ಹೊಸ ಬಗೆ ಹುಟ್ಟಬಹುದು. ಹಾಗಂತ ತದ್ರೂಪಿ ಸಾಧು ಅಂತ ಸುಮ್ನೆ ಕೂರೋಕಾಗಲ್ಲ. 2016ರಲ್ಲಿ ಇದೇ ಬೆಂಕಿ ರೋಗ ತಂದು ಬಾಂಗ್ಲಾದೇಶದ ಗೋಧಿ ಹಾಳುಮಾಡಿದ್ದು ದಕ್ಷಿಣ ಅಮೆರಿಕದಿಂದ ಬಂದ ಒಂದೇ ತದ್ರೂಪಿ ವಂಶ!

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ (ಜಿಕೆವಿಕೆ) ನಿರೋಧಕ ರಾಗಿ ತಳಿ ಜಿಪಿಯು-28 ನಮ್ಮ ಕೈ ಹಿಡಿದಿದೆ, ಸುಳ್ಳು ಹೇಳಬಾರದು. ಆದರೆ ಊರೆಲ್ಲಾ ಅದೊಂದನ್ನೇ ಬಿತ್ತಿದರೆ, ಅದರ ನಿರೋಧ ಮುರಿಯಬಲ್ಲ ಶಿಲೀಂಧ್ರಕ್ಕೆ ನಾವೇ ಎಲೆ ಹಾಕಿ ಊಟಕ್ಕೆ ಕರೆದಂತೆ ಅಲ್ವಾ? ಈ ಸಲ ಎರಡು ತಳಿ ಹಾಕಿದ್ದೇವೆ. ತೆನೆ ಬರೋಕೆ ಇನ್ನೂ ಮೂರು ವಾರ ಇದೆ.