ಮೊಳಕ್ಕೆ 615 ಕೋಟಿಯ ಮಲ್ಲಿಗೆ

2023ರ ಆಗಸ್ಟ್ 20, ಭಾನುವಾರ. ಮಧ್ಯಾಹ್ನದ ಊಟ ಮುಗಿಸಿ ಅಡ್ಡಾಗಿದ್ದೆ. ಬಾಗಿಲು ಬಡಿದ ರಭಸಕ್ಕೆ ಎದ್ದು ನೋಡಿದರೆ ಮೂರನೇ ಮಹಡಿಯ ರಾಯರು. ಏದುಸಿರು. 'ಬಿತ್ತು ಸಾರ್, ಬಿತ್ತು!'

ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನ ಪೂರ್ವಚರಿತ್ರೆ ಬಲ್ಲ ನಾನು 'ಅಯ್ಯೋ, ಒಳಗೆ ಯಾರಿದ್ರು?' ಅಂದೆ.

'ಯಾರೂ ಇರ್ಲಿಲ್ಲ, ಬರೀ ಮಷೀನು. ರಷ್ಯಾದ್ದು ಸಾರ್! ಚಂದ್ರನ ಮೇಲೆ ಢಮಾರ್!'

ಲೂನಾ-25 ಸಮಾಚಾರ. ನಮ್ಮ ಚಂದ್ರಯಾನ-3 ಜುಲೈ 14ಕ್ಕೇ ಮನೆ ಬಿಟ್ಟು, ಭೂಮಿಗೆ ಪ್ರದಕ್ಷಿಣೆ ಹಾಕಿ, ಚಂದ್ರನಿಗೆ ಪ್ರದಕ್ಷಿಣೆ ಹಾಕಿ, ಸಿಟಿ ಬಸ್ಸಿನ ಹಾಗೆ ಎಲ್ಲ ಸ್ಟಾಪಿನಲ್ಲೂ ನಿಂತು ಹೋಗುತ್ತಿತ್ತು. ರಷ್ಯಾದವರು ಆಗಸ್ಟ್ 11ಕ್ಕೆ ಹೊರಟು, ನಾನ್‌ಸ್ಟಾಪ್ ವೋಲ್ವೊದಂತೆ ಓವರ್‌ಟೇಕ್ ಮಾಡಿ, ನಮಗಿಂತ ಎರಡು ದಿನ ಮುಂಚೆ ಇಳಿಯುವ ಲೆಕ್ಕ ಹಾಕಿದ್ದರು. 84 ಸೆಕೆಂಡು ಉರಿದು ಆರಬೇಕಿದ್ದ ಎಂಜಿನ್ 127 ಸೆಕೆಂಡು ಉರಿಯಿತು. ಇಳಿಯಬೇಕಾದದ್ದು ಬಿತ್ತು.

ರಾಯರ ಮುಖದಲ್ಲಿದ್ದ ಕಳೆಯನ್ನು ನಾನು ಹಿಂದೊಮ್ಮೆ ನೋಡಿದ್ದೆ. ಎದುರು ಮನೆಯ ಹುಡುಗ ಪಿಯುಸಿಯಲ್ಲಿ ಡುಮ್ಕಿ ಹೊಡೆದ ದಿನ. ಹಾಗಂತ ರಾಯರಿಗೆ ರಷ್ಯಾದ ಮೇಲೆ ಹಗೆಯೇನಿಲ್ಲ. ಹುಡುಗನಾಗಿದ್ದಾಗ ಅಲ್ಲಿಂದ ಬರುತ್ತಿದ್ದ ನುಣುಪು ಕಾಗದದ ಪತ್ರಿಕೆ ಹರಿದು ನೋಟ್‌ಬುಕ್ಕಿಗೆ ರಟ್ಟು ಹಾಕಿಕೊಂಡವರು, ಬ್ಯಾಂಕಿಗೆ ಸೇರಿದ ಮೇಲೆ ಯೂನಿಯನ್ ಬಾವುಟ ಹಿಡಿದವರು. ಪೀಣ್ಯದ ಶೆಡ್ಡುಗಳಲ್ಲಿ ಕೂತು ಕಟ್ಟಿದ ನಮ್ಮ ಆರ್ಯಭಟನನ್ನು 1975ರಲ್ಲಿ ಹೆಗಲ ಮೇಲೆ ಹೊತ್ತು ಮೇಲಕ್ಕೆ ಬಿಟ್ಟವರು ಇದೇ ರಷ್ಯಾದವರು ಎಂಬುದೂ ಅವರಿಗೆ ಗೊತ್ತು. ಆದರೂ ಬಿದ್ದದ್ದು ಬಿದ್ದದ್ದೇ, ಖುಷಿ ಖುಷಿಯೇ.

ಮೂರು ದಿನ ಬಿಟ್ಟು, ಬುಧವಾರ ಸಂಜೆ 6 ಗಂಟೆ 4 ನಿಮಿಷಕ್ಕೆ, ವಿಕ್ರಮ್ ಇಳಿಯಿತು. ಕ್ಲಬ್‌ಹೌಸಿನಲ್ಲಿ ಪ್ರೊಜೆಕ್ಟರ್ ಹಾಕಿಸಿದ್ದರು, ಕೇಸರಿಬಾತ್ ಹಂಚಿದರು. ನಾನೂ ಚಪ್ಪಾಳೆ ತಟ್ಟಿದೆ, ನನ್ನ ಕಣ್ಣೂ ಒದ್ದೆಯಾಯಿತು, ಸುಳ್ಳು ಹೇಳುವುದಿಲ್ಲ. ಪ್ರಶ್ನೆ ಒಂದೇ: ಲೂನಾ ಬೀಳದೆ ಸೋಮವಾರವೇ ನೆಟ್ಟಗೆ ಇಳಿದಿದ್ದರೆ ಕೇಸರಿಬಾತಿಗೆ ಅಷ್ಟು ತುಪ್ಪ ಬೀಳುತ್ತಿತ್ತೇ?

ಇದನ್ನು ರಾಯರ ಸಣ್ಣತನ ಎಂದು ಯಾರೂ ತಿಳಿಯಬಾರದು. ಚಂದ್ರನಿಗೆ ಹೋಗುವ ಉದ್ಯೋಗ ಶುರುವಾದದ್ದೇ ಹೀಗೆ. 1961ರ ಏಪ್ರಿಲ್ 12ರಂದು ಗಗಾರಿನ್ ಭೂಮಿಗೆ ಒಂದು ಸುತ್ತು ಹಾಕಿ ಬಂದ. ಮೇ 25ಕ್ಕೆ ಅಧ್ಯಕ್ಷ ಕೆನಡಿ, ಈ ದಶಕ ಮುಗಿಯುವುದರೊಳಗೆ ನಮ್ಮವರು ಚಂದ್ರನ ಮೇಲೆ ಕಾಲಿಡುತ್ತಾರೆ ಎಂದು ಸಂಸತ್ತಿನಲ್ಲಿ ಘೋಷಿಸಿದರು. ಮಾನವಕುಲ, ಜ್ಞಾನದ ಹಂಬಲ ಎಲ್ಲ ಆಮೇಲಿನ ಭಾಷಣಗಳಲ್ಲಿ ಬಂತು. 1962ರ ನವೆಂಬರಿನಲ್ಲಿ ಶ್ವೇತಭವನದ ಬಾಗಿಲು ಹಾಕಿಕೊಂಡು ನಾಸಾ ಮುಖ್ಯಸ್ಥ ಜೇಮ್ಸ್ ವೆಬ್ ಜತೆ ಕೂತಾಗ ಮಾತ್ರ ಬೇರೆ ರಾಗ. ಆ ಸಭೆಯ ಟೇಪು ದಶಕಗಳ ಮೇಲೆ ಹೊರಬಂತು. ವೆಬ್ ಅವರು ಬಾಹ್ಯಾಕಾಶದಲ್ಲಿ ತಿಳಿಯಬೇಕಾದದ್ದು ಬೇರೆಯೂ ಬಹಳ ಇದೆ ಎಂದು ಸಮಜಾಯಿಷಿ ಕೊಡುತ್ತಿದ್ದರೆ, ಕೆನಡಿ ಸಾಹೇಬರು ರಷ್ಯಾದವರಿಗಿಂತ ಮುಂಚೆ ತಲುಪುವುದೊಂದೇ ಮುಖ್ಯ, ಇಲ್ಲದಿದ್ದರೆ ಇಷ್ಟು ದುಡ್ಡು ಸುರಿಯಬಾರದು, ನನಗೇನು ಬಾಹ್ಯಾಕಾಶದಲ್ಲಿ ಅಂಥ ಆಸಕ್ತಿಯಿಲ್ಲ ಎಂದುಬಿಟ್ಟಿದ್ದಾರೆ.

ಅಪೊಲೊ ಎಂಬ ಈ ಆಸಕ್ತಿಯಿಲ್ಲದ ಕೆಲಸಕ್ಕೆ ಆದ ಖರ್ಚು ಸುಮಾರು 2,500 ಕೋಟಿ ಡಾಲರ್. ಅದೂ ಆ ಕಾಲದ ಡಾಲರ್. ಆರು ಸಲ ಇಳಿದು, ಹನ್ನೆರಡು ಜನ ಓಡಾಡಿ, ತಂದ ಕಲ್ಲುಮಣ್ಣು 382 ಕಿಲೋ. ಕಿಲೋಗೆ ಆರೂವರೆ ಕೋಟಿ ಡಾಲರ್ ಬಿತ್ತು. ನಮ್ಮಲ್ಲಿ ಎಂ-ಸ್ಯಾಂಡ್ ದುಬಾರಿಯಾಯಿತು ಎಂದು ಗೊಣಗುವವರು ಗಮನಿಸಬೇಕು.

ಇಷ್ಟರ ನಡುವೆ, ಮೊದಲ ಸಲ ಇಳಿದ ಅಪೊಲೊ-11ಕ್ಕೆ ಬಾವುಟವೊಂದು ಅಗ್ಗಕ್ಕೆ ಸಿಕ್ಕಿತು. ಐದೂವರೆ ಡಾಲರ್. ಅದಕ್ಕೆ ಹಾಕಿದ ಕೊಳವೆಗೆ 75 ಡಾಲರ್. ಗಾಳಿಯೇ ಇಲ್ಲದ ಊರಲ್ಲಿ ಬಾವುಟ ಹಾರಬೇಕಲ್ಲ, ಅದಕ್ಕೆ ಮೇಲ್ಗಡೆ ಅಡ್ಡಕೋಲು ಸಿಕ್ಕಿಸಿದರು. ಕೋಲು ಪೂರ್ತಿ ಎಳೆಯಲು ಬರಲಿಲ್ಲ, ಬಟ್ಟೆ ಸುಕ್ಕಾಯಿತು. ಆ ಸುಕ್ಕನ್ನೇ ಜಗತ್ತು ಗಾಳಿ ಅಂದುಕೊಂಡಿತು. ಕೆಲವರು ಇವತ್ತಿಗೂ ಅಂದುಕೊಂಡು ವಾಟ್ಸ್ಆ್ಯಪಿನಲ್ಲಿ ಕಳಿಸುತ್ತಿದ್ದಾರೆ. ವಾಪಸು ಹೊರಡುವಾಗ ಎಂಜಿನ್ನಿನ ರಭಸಕ್ಕೆ ಬಾವುಟ ಉರುಳಿಬಿದ್ದದ್ದನ್ನು ಗಗನಯಾತ್ರಿ ಆಲ್ಡ್ರಿನ್ ಕಿಟಕಿಯಿಂದ ಕಂಡರು. ಅದಕ್ಕೆ ಒಂದೆರಡು ಗಂಟೆ ಮುಂಚೆ, ಮೂರು ದಿನ ಮೊದಲೇ ಹೊರಟಿದ್ದ ರಷ್ಯಾದ ಲೂನಾ-15 ಅದೇ ಚಂದ್ರನ ಇನ್ನೊಂದು ಬಯಲಿಗೆ ಬಡಿದು ಚೂರಾಗಿತ್ತು. ಚಂದ್ರನಿಂದ ಮಣ್ಣು ತಂದ ಮೊದಲಿಗರು ನಾವೇ ಆಗಬೇಕೆಂದು ಅವಸರವಸರವಾಗಿ ಓಡಿಸಿದ್ದರು. ಲೂನಾ ಮನೆತನಕ್ಕೆ ನಮ್ಮ ಕಾಲದಲ್ಲೇ ಜಾತಕ ಕೆಟ್ಟದ್ದಲ್ಲ ಎಂದು ರಾಯರಿಗೆ ಹೇಳಿದೆ. ಅವರಿಗೆ ಅದೂ ಖುಷಿಯೇ.

ಗೆದ್ದ ಮೇಲೆ ಏನಾಯಿತು ಎಂಬುದು ಈ ಕಥೆಯ ಅಸಲಿ ಭಾಗ. ಪಕ್ಕದ ಮನೆಯವರು ಸೋತು ಬಾಗಿಲು ಹಾಕಿಕೊಂಡರು, ನೋಡುವವರೇ ಇಲ್ಲದ ಮೇಲೆ ರೇಷ್ಮೆ ಸೀರೆ ಉಟ್ಟು ಏನು ಪ್ರಯೋಜನ? ಅಪೊಲೊ 18, 19, 20 ಮೂರನ್ನೂ 1970ರಲ್ಲೇ ಕೈಬಿಟ್ಟರು. ರಾಕೆಟ್ಟು ತಯಾರಿತ್ತು, ಜನ ತಯಾರಿದ್ದರು, ಚಂದ್ರನೂ ಇದ್ದ ಜಾಗದಲ್ಲೇ ಇದ್ದ. ಎದುರಾಳಿ ಮಾತ್ರ ಇರಲಿಲ್ಲ. 1972ರ ಡಿಸೆಂಬರಿನಲ್ಲಿ ಕಡೆಯ ಜೋಡಿ ಬೂಟು ಅಲ್ಲಿಂದ ಹೊರಟಿತು.

ಆದ್ದರಿಂದ ವಿಜ್ಞಾನಿಗಳ ಬಗ್ಗೆ ನನಗೆ ಪಾಪ ಅನಿಸುತ್ತದೆ. ಅವರಿಗೆ ನಿಜವಾಗಿ ಬೇಕಿರುವುದು ದೂರದರ್ಶಕವಲ್ಲ, ಒಳ್ಳೆಯ ಜಾತಿಯ ಒಬ್ಬ ಶತ್ರು. ಚಂದ್ರನ ಮಣ್ಣಿನಲ್ಲಿ ಏನಿದೆ ನೋಡಬೇಕು ಸ್ವಾಮಿ ಎಂದು ಅರ್ಜಿ ಹಾಕಿದರೆ ಕಡತ ಮೇಜಿನಿಂದ ಮೇಜಿಗೆ ತೂಕಡಿಸುತ್ತದೆ. ಚೀನಾದವರು ನೋಡಲು ಹೊರಟಿದ್ದಾರಂತೆ ಎಂದು ಕಿವಿಯಲ್ಲಿ ಹೇಳಿದರೆ ಸಾಕು, ಕಡತ ಎದ್ದು ಓಡುತ್ತದೆ. ಚೀನಾ 2030ರೊಳಗೆ ಚಂದ್ರನ ಮೇಲೆ ಮನುಷ್ಯರನ್ನು ಇಳಿಸುತ್ತೇವೆ ಎಂದಿತು. ಅರ್ಧ ಶತಮಾನ ಮೈಮರೆತಿದ್ದ ಅಮೆರಿಕಕ್ಕೆ ಅವಸರ ಹುಟ್ಟಿತು. ಹೊಸ ರಾಕೆಟ್ಟಿನ ಮೊದಲ ನಾಲ್ಕು ಸವಾರಿಗೆ ತಲಾ 410 ಕೋಟಿ ಡಾಲರ್ ಬೀಳುತ್ತದೆ, ಇದು ತಾಳುವ ಲೆಕ್ಕವಲ್ಲ ಎಂದು ನಾಸಾದ ಸ್ವಂತ ಲೆಕ್ಕ ತಪಾಸಕರೇ 2022ರಲ್ಲಿ ಹೇಳಿದರು. ತಪಾಸಕರ ಮಾತನ್ನು ಯಾವ ದೇಶದಲ್ಲಿ ಯಾರು ಕೇಳುತ್ತಾರೆ? ಮರುವರ್ಷವೇ ನಾಸಾದ ಅಂದಿನ ಮುಖ್ಯಸ್ಥ ಬಿಲ್ ನೆಲ್ಸನ್, ಚೀನಾದವರು ಮುಂಚೆ ಹೋದರೆ 'ಇದು ನಮ್ಮ ಜಾಗ, ಆಚೆ ಇರಿ' ಅನ್ನಬಹುದು ಎಂದು ಹೆದರಿಸಿದರು.

ಈ ಹೆದರಿಕೆ ಬೆಂಗಳೂರಿನವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಕಾನೂನು ಪ್ರಕಾರ ಚಂದ್ರ ಗೋಮಾಳ. 1967ರ ಒಪ್ಪಂದದಂತೆ ಯಾವ ದೇಶವೂ ಅದನ್ನು ತನ್ನದೆನ್ನುವಂತಿಲ್ಲ, ನೂರಕ್ಕೂ ಹೆಚ್ಚು ದೇಶಗಳ ರುಜು ಇದೆ. ಗೋಮಾಳ ಎಂದ ಮೇಲೆ ಒತ್ತುವರಿ ಹೇಗೆ ನಡೆಯುತ್ತದೆ ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಮೊದಲು ಒಂದು ಬಾವುಟ, ಆಮೇಲೆ ಒಂದು ಗುಡಿ, ಆಮೇಲೆ ಒಂದು ಶೆಡ್ಡು, ಕಡೆಗೆ ಬಿ ಖಾತಾ. ಚೀನಾದವರು 2024ರಲ್ಲಿ ಚಂದ್ರನ ಹಿಂಬದಿಗೆ ಒಯ್ದ ಬಾವುಟವನ್ನು ಕರಿಕಲ್ಲು ಕರಗಿಸಿ ತೆಗೆದ ನೂಲಿನಲ್ಲಿ ನೇಯ್ದಿದ್ದರು, ಬಿಸಿಲಿಗೆ ಮಾಸದ ಹಾಗೆ. ಗಡಿಕಲ್ಲನ್ನೇ ಬಟ್ಟೆ ಮಾಡಿದಂತಾಯಿತು. ನಮ್ಮ ಪ್ರಜ್ಞಾನ್ ರೋವರಿನ ಚಕ್ರಕ್ಕೆ ಅಶೋಕ ಲಾಂಛನದ ಅಚ್ಚು ಇತ್ತು, ಹೋದಲ್ಲೆಲ್ಲ ಮೊಹರು ಒತ್ತಲಿ ಎಂದು. ಜಾಗಕ್ಕೆ ಹೆಸರಿಡುವುದರಲ್ಲಂತೂ ನಾವು ಸರ್ಕಲ್ ಸಂಸ್ಕೃತಿಯವರು: 2008ರಲ್ಲಿ ಬಡಿದದ್ದು ಜವಾಹರ್, 2019ರಲ್ಲಿ ಬಿದ್ದದ್ದು ತಿರಂಗಾ, 2023ರಲ್ಲಿ ಇಳಿದದ್ದು ಶಿವಶಕ್ತಿ. ಮೂರು ಜಾಗ, ಅದಕ್ಕೆ ಮುನ್ನೂರು ಗಂಟೆ ಟೀವಿ ಚರ್ಚೆ.

ಖರ್ಚಿನ ಮಾತಿಗೆ ಬರೋಣ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವೇ ಎಂದು ಕೇಳುವವರು ಎಲ್ಲ ಊರಲ್ಲೂ ಇದ್ದಾರೆ. ಅಪೊಲೊ-11 ಹಾರುವ ಹಿಂದಿನ ದಿನ ಪಾದ್ರಿ ರಾಲ್ಫ್ ಅಬರ್ನಾತಿ ಹೇಸರಗತ್ತೆಯ ಗಾಡಿಗಳನ್ನು ಹೊಡೆದುಕೊಂಡು ಬಡವರ ದಂಡಿನೊಂದಿಗೆ ಉಡಾವಣೆ ಕೇಂದ್ರದ ಬಾಗಿಲಿಗೆ ಬಂದಿದ್ದರು. ನಾಸಾ ಮುಖ್ಯಸ್ಥ ಥಾಮಸ್ ಪೇನ್ ಹೊರಗೆ ಬಂದು, ನಾಳೆ ಈ ಗುಂಡಿ ಒತ್ತದಿದ್ದರೆ ಬಡತನ ಹೋಗುತ್ತದೆ ಎಂದಾದರೆ ನಾವು ಒತ್ತುವುದೇ ಇಲ್ಲ ಎಂದರು. ಮರ್ಯಾದಸ್ಥರ ಮಾತು. ಒಂದಷ್ಟು ಕುಟುಂಬಗಳಿಗೆ ಉಡಾವಣೆ ನೋಡಲು ಪಾಸೂ ಕೊಟ್ಟರು. ಹಿಟ್ಟು ಕೇಳಿದವರಿಗೆ ಮಲ್ಲಿಗೆಯ ಪರಿಮಳ ಸಿಕ್ಕಿತು.

ನಾವು ಭಾರತೀಯರು ಈ ಗಾದೆಗೆ ಹೊಸ ತಿರುವು ಕೊಟ್ಟಿದ್ದೇವೆ. ಮಲ್ಲಿಗೆ ಬೇಕೇ ಬೇಡವೇ ಎಂದು ಕೇಳಿದರೆ ನಾವು ಕೊಡುವ ಉತ್ತರ: ನಮ್ಮ ಮಲ್ಲಿಗೆ ಎಷ್ಟು ಅಗ್ಗ ಗೊತ್ತಾ? ಮಂಗಳಯಾನಕ್ಕೆ 450 ಕೋಟಿ, ಹಾಲಿವುಡ್ ಸಿನಿಮಾಕ್ಕಿಂತ ಕಡಿಮೆ. ಚಂದ್ರಯಾನ-3ಕ್ಕೆ 615 ಕೋಟಿ. ಅಹಮದಾಬಾದಿನ ಆಟೊ ಕಿಲೋಮೀಟರಿಗೆ 10 ರೂಪಾಯಿ, ನಾವು ಮಂಗಳಕ್ಕೆ 7 ರೂಪಾಯಿಗೇ ಹೋದೆವು ಎಂದು ಪ್ರಧಾನಿಯವರು ನ್ಯೂಯಾರ್ಕಿನಲ್ಲಿ ಹೇಳಿದ್ದರು. ಬೆಂಗಳೂರಿನ ಆಟೊ ಜತೆ ಹೋಲಿಸದೆ ಜಾಣತನ ತೋರಿದರು. ಇಲ್ಲಿ ಮಂಗಳ ಅಂದರೆ 'ವಾಪಸ್ ಖಾಲಿ ಬರ್ಬೇಕು ಸಾರ್, ಮೀಟರ್ ಮೇಲೆ ಐವತ್ತು ಹಾಕ್ಕೊಡಿ' ಅನ್ನುತ್ತಾರೆ.

ಅಗ್ಗವೋ ದುಬಾರಿಯೋ ಎಂಬುದು ಪಕ್ಕದಲ್ಲಿ ಏನಿಟ್ಟು ನೋಡುತ್ತೀರಿ ಎಂಬುದರ ಮೇಲಿದೆ. ಬಾಹ್ಯಾಕಾಶ ಇಲಾಖೆಗೆ ಕೇಂದ್ರ ವರ್ಷಕ್ಕೆ ಕೊಡುವುದು ಸುಮಾರು 13 ಸಾವಿರ ಕೋಟಿ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುಮಾರು 17 ಕಿಲೋಮೀಟರ್ ಸುರಂಗ ಕೊರೆಯಲು ಹಾಕಿರುವ ಅಂದಾಜು 17 ಸಾವಿರ ಕೋಟಿಗೂ ಮೇಲೆ. ಇಸ್ರೊದವರ ಒಂದು ವರ್ಷದ ಸಂಬಳ, ರಾಕೆಟ್ಟು, ಉಪಗ್ರಹ ಎಲ್ಲ ಮಾರಿದರೂ ಸಿಲ್ಕ್ ಬೋರ್ಡ್ ಮುಟ್ಟುವುದಿಲ್ಲ.

ನನಗೆ ಈ ಲೆಕ್ಕಗಳಿಗಿಂತ ಚಿತ್ರದುರ್ಗ ಜಿಲ್ಲೆಯ ಒಂದು ಗುಂಡಿ ಕಾಡುತ್ತದೆ. ಚಂದ್ರನ ಮೇಲೆ ಇಳಿಯುವ ಅಭ್ಯಾಸಕ್ಕೆ ಕುಳಿಗಳು ಬೇಕಲ್ಲ. ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೊ ಸುಮಾರು 24 ಲಕ್ಷದ ಟೆಂಡರ್ ಕರೆದು ಕುಳಿ ತೋಡಿಸಿತು. ಗುಂಡಿ ತೋಡಲು ಟೆಂಡರ್! ನಮ್ಮ ವಾರ್ಡಿನ ಕಂಟ್ರಾಕ್ಟರು ಸುದ್ದಿ ಕೇಳಿ ಎರಡು ದಿನ ಊಟ ಬಿಟ್ಟಿರಬೇಕು. ಅವರು ರಸ್ತೆ ಮಾಡಲು ದುಡ್ಡು ತೆಗೆದುಕೊಂಡು ಕುಳಿಗಳನ್ನು ಉಚಿತವಾಗಿ ಕೊಡುತ್ತಿದ್ದರು. 2019ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಗಗನಯಾತ್ರಿಯ ದಿರಿಸು ತೊಟ್ಟವರೊಬ್ಬರನ್ನು ಹೇರೋಹಳ್ಳಿ ಕಡೆಯ ರಸ್ತೆಯಲ್ಲಿ ನಡೆಸಿ ವಿಡಿಯೊ ಮಾಡಿದಾಗ, ಪಕ್ಕದಲ್ಲಿ ಆಟೊ ಹಾದುಹೋಗುವತನಕ ಅದು ಚಂದ್ರನೇ ಆಗಿತ್ತು. ಇನ್ನು ಚಂದ್ರನ ಮಣ್ಣು ತಮಿಳುನಾಡಿನ ನಾಮಕ್ಕಲ್ ಕಡೆಯಿಂದ ಬಂತು. ಅಲ್ಲಿನ ಸಿತಂಪೂಂಡಿಯ ಕಲ್ಲಿಗೂ ಚಂದ್ರನ ಕಲ್ಲಿಗೂ ಹೋಲಿಕೆಯಿದೆಯಂತೆ. ಟನ್‌ಗಟ್ಟಲೆ ಪುಡಿ ಬೆಂಗಳೂರಿಗೆ ಬಂತು, ನ್ಯಾಯಮಂಡಳಿ ಇಲ್ಲ, ಬಂದ್ ಇಲ್ಲ.

ನಗು ಅಲ್ಲಿಗೆ ನಿಲ್ಲುತ್ತದೆ. ಉಳ್ಳಾರ್ತಿ ಕಾವಲು ಅಂದರೆ ಅಮೃತಮಹಲ್ ಕಾವಲು. ದನ ಕುರಿ ಮೇಯುತ್ತಿದ್ದ, ಕಂಬಳಿ ನೇಯುವವರ ಬದುಕು ನಿಂತಿದ್ದ ಹುಲ್ಲುಗಾವಲು. ಅಣು, ರಕ್ಷಣೆ, ಬಾಹ್ಯಾಕಾಶ, ವಿಜ್ಞಾನ ಮಂದಿರ ಎಂದು ಸಾವಿರಾರು ಎಕರೆ ಹಂಚಿಹೋಯಿತು. ಗೋಡೆ ಎದ್ದಿತು. ಜನ ಪ್ರತಿಭಟಿಸಿದರು, ಹಸಿರು ನ್ಯಾಯಮಂಡಳಿಗೆ ಹೋದರು. ಮೇಲಿನ ಗೋಮಾಳಕ್ಕೆ ವಿಶ್ವಸಂಸ್ಥೆಯ ಒಪ್ಪಂದದ ಬೇಲಿ. ಕೆಳಗಿನ ಕಾವಲಿಗೆ ಕುರಿ ಕಾಯುವವನ ಒಂದು ಕೋಲು. ಆ 615 ಕೋಟಿಯಲ್ಲಿ ಹುಲ್ಲಿನ ಬಾಬ್ತು ಎಷ್ಟು ಎಂದು ಯಾವ ಪುಟದಲ್ಲೂ ಬರೆದಿಲ್ಲ.

ಹೋಗಲಿ, ರೋವರಿಗೆ ಸಿಕ್ಕಿದ್ದೇನು? ಹತ್ತು ಹನ್ನೆರಡು ದಿನದಲ್ಲಿ ನೂರು ಮೀಟರ್ ತೆವಳಿ ದಕ್ಷಿಣ ಧ್ರುವದ ಹತ್ತಿರದ ಮಣ್ಣಿನಲ್ಲಿ ಗಂಧಕ ಇದೆ ಎಂದು ಹೇಳಿತು. ಅದನ್ನು ಪತ್ತೆ ಮಾಡಿದ ಉಪಕರಣ ಬೆಂಗಳೂರಿನಲ್ಲೇ ತಯಾರಾದದ್ದು. ನೆಲದ ಮೇಲೆ 50 ಡಿಗ್ರಿ ದಾಟಿದ ಬಿಸಿ, ಎಂಟು ಸೆಂಟಿಮೀಟರ್ ಕೆಳಗೆ ಸೊನ್ನೆಗಿಂತ 10 ಡಿಗ್ರಿ ತಣ್ಣಗೆ ಎಂದು ಲ್ಯಾಂಡರ್ ಅಳೆದು ಹೇಳಿತು. ಒಂದು ಗೇಣಿನೊಳಗೆ ಬಳ್ಳಾರಿ ಮತ್ತು ಕಾಶ್ಮೀರ! ಇದು ಕೇಸರಿಬಾತ್ ಹಂಚಬೇಕಾದ ಸುದ್ದಿ. ಅವತ್ತು ಕ್ಲಬ್‌ಹೌಸಿನಲ್ಲಿ ಪ್ರೊಜೆಕ್ಟರ್ ಇರಲಿಲ್ಲ.

ಆಮೇಲೆ ಆಗಸ್ಟ್ 23 ರಾಷ್ಟ್ರೀಯ ಬಾಹ್ಯಾಕಾಶ ದಿನವಾಯಿತು, ನಮ್ಮಲ್ಲಿ ಮಕ್ಕಳಿಗೆ ಕ್ವಿಜ್ ಇಟ್ಟೆವು. ಪ್ರಜ್ಞಾನ್ ಕಂಡುಹಿಡಿದದ್ದೇನು ಎಂದು ಕೇಳಿದೆ. ಹನ್ನೊಂದು ಮಕ್ಕಳು, ಹನ್ನೊಂದು ಮೌನ. ನಮಗಿಂತ ಮುಂಚೆ ಇಳಿಯಲು ಹೋಗಿ ಬಿದ್ದವರು ಯಾರು ಎಂದೆ. ಹನ್ನೊಂದೂ ಕೈ ಮೇಲೆ. ಹಿಂದೆ ಕೂತಿದ್ದ ರಾಯರದೂ ಸೇರಿ ಹನ್ನೆರಡು.

ಮೊನ್ನೆ ಸಂಘದ ಕಾರ್ಯದರ್ಶಿ ರಸೀದಿ ಪುಸ್ತಕ ಹಿಡಿದು ಬಂದರು. ಗಗನಯಾನದಲ್ಲಿ ನಮ್ಮವರು ಹಾರುವ ದಿನಕ್ಕೆ ಎಲ್ಇಡಿ ಪರದೆ ಬಾಡಿಗೆಗೆ ಹಿಡಿಯಬೇಕಂತೆ, ಮನೆಗೆ ಐನೂರು. ಹಾರುವುದು ಯಾವಾಗ ಎಂದು ಇನ್ನೂ ನಿಕ್ಕಿಯಿಲ್ಲವಲ್ಲ ಎಂದೆ. ಪ್ರೊಜೆಕ್ಟರೇ ಇದೆಯಲ್ಲ ಎಂದೆ. ಲಿಫ್ಟ್ ರಿಪೇರಿಗೆ ದುಡ್ಡಿಲ್ಲ ಅಂದಿರಲ್ಲ ಎಂದೂ ಅಂದೆ. ಅವರು ತಗ್ಗಿದ ದನಿಯಲ್ಲಿ, 'ರಸ್ತೆ ಆಚೆ ಅಪಾರ್ಟ್‌ಮೆಂಟಿನೋರು ಹನ್ನೆರಡು ಅಡಿದು ಬುಕ್ ಮಾಡಿದಾರೆ ಸಾರ್' ಅಂದರು.

ಒಳಗೆ ಹೋಗಿ ಪರ್ಸ್ ತಂದೆ. ನಮ್ಮದು ಎಷ್ಟು ಅಡಿ ಎಂದು ಕೇಳಿದೆ. ಹತ್ತು ಅಂದರು.

ಸಾವಿರ ಕೊಟ್ಟೆ.